ಮನೆಯನ್ನು ಬಂಡೆಯೆಂದು ಬಗೆದ ಹುಳ

ಅಕ್ಟೋಬರ್ ನಡುವಿನ ಒಂದು ಮಧ್ಯಾಹ್ನ. ಹಿಂದಿನ ಎರಡು ರಾತ್ರಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ಇಂದು ಮಾತ್ರ ಸ್ವೆಟರ್ ತೆಗೆದಿಡುವಂಥ ಬಿಸಿಲು. ಅಮೆರಿಕದ ಒಹಾಯೊ, ಇಂಡಿಯಾನಾ, ಇಲಿನಾಯ್ ಕಡೆ, ಬಡಾವಣೆ ಮುಗಿದು ಸೋಯಾ ಹೊಲ ಶುರುವಾಗುವ ಅಂಚಿನಲ್ಲಿರುವ ಮನೆಗಳವರಿಗೆ ಇಂಥ ದಿನ ಏನಾಗುತ್ತದೆಂದು ಗೊತ್ತು. ಮೂರು ಗಂಟೆಯ ಹೊತ್ತಿಗೆ ಪಡುವಣ ಗೋಡೆಯ ಮೇಲೆ ಕಿತ್ತಳೆ ಚುಕ್ಕೆಗಳು ಮೂಡುತ್ತವೆ. ಮೊದಲು ಹತ್ತು, ಆಮೇಲೆ ನೂರು, ಸಂಜೆಯೊಳಗೆ ಎಣಿಕೆ ತಪ್ಪುತ್ತದೆ.

ಒಳಗೆ ದಸರೆಯ ಗೊಂಬೆಗಳನ್ನು ಇನ್ನೂ ಎತ್ತಿಟ್ಟಿಲ್ಲ. ಮಗಳ ಮನೆಗೆಂದು ಊರಿನಿಂದ ಬಂದ ಅಜ್ಜಿಯ ಕಣ್ಣಿಗೆ ಮೆಟ್ಟಿಲಿಗೆ ಹಾಸಿದ ಬಿಳಿ ಪಂಚೆಯ ಮೇಲೆ ಹರಿದಾಡುವ ನಾಲ್ಕೈದು ಹುಳ ಬೀಳುತ್ತವೆ. ಕೈಗೆ ಸಿಕ್ಕ ಪೇಪರು ಮಡಿಸಿ ಎತ್ತುತ್ತಾರೆ. "ಬೇಡ ಅಜ್ಜಿ, ಅದು ಲೇಡಿಬಗ್! ಒಳ್ಳೇ ಹುಳ!" ಎಂದು ಮೊಮ್ಮಗಳು ಓಡಿಬರುವಷ್ಟರಲ್ಲಿ ಏಟು ಬಿದ್ದಾಗಿದೆ. ಪಂಚೆಯ ಮೇಲೆ ಹಳದಿ ಕಲೆ. ಮೂಗಿಗೆ ಹಸಿ ದೊಣ್ಣೆಮೆಣಸಿನಕಾಯಿಯೂ ಕಮಟು ಕಡಲೆಕಾಯಿಯೂ ಬೆರೆತ ನಾತ.

ಮೊಮ್ಮಗಳ ಮಾತೂ ಸುಳ್ಳಲ್ಲ, ಅಜ್ಜಿಯ ಸಿಟ್ಟೂ ಸುಳ್ಳಲ್ಲ. ಹೊಲದಲ್ಲಿ ರೈತನಿಗೆ ಕೂಲಿಯಿಲ್ಲದೆ ದುಡಿಯುವ ಈ ಜೀವ ಮನೆಯೊಳಗೆ ಸಾವಿರಗಟ್ಟಲೆ ಬಂದು ಕೂತರೆ ತಲೆನೋವೇ. ಅದು ಏಕೆ ಬರುತ್ತದೆ, ಯಾವಾಗ ಬರುತ್ತದೆ ಎಂದು ತಿಳಿದುಕೊಂಡರೆ ತಡೆಯುವುದು ಅಷ್ಟೇನೂ ಕಷ್ಟವಲ್ಲ. ಆದರೆ ಹೆಚ್ಚಿನವರು ಜನವರಿಯಲ್ಲಿ ಕೀಟನಾಶಕದ ಡಬ್ಬಿ ಹಿಡಿದು ಮನೆಯೊಳಗೆ ಮಾಡುವ ಯುದ್ಧ ಆಗಸ್ಟ್‌ನಲ್ಲಿ ಮನೆಯ ಹೊರಗೆ ನಡೆಯಬೇಕಾದದ್ದು.

ಯಾವುದು ಈ ಹುಳ?

ನಮ್ಮ ರೈತರು ಗುಲಗಂಜಿ ಹುಳ ಎನ್ನುವ ಲೇಡಿಬರ್ಡ್‌ಗಳದ್ದು ದೊಡ್ಡ ಕುಟುಂಬ. ಅವರೆ, ಅಲಸಂದೆ, ಹತ್ತಿ ಗಿಡದ ಎಳೆ ಕುಡಿಯಲ್ಲಿ ಸಸ್ಯಹೇನು ಮುತ್ತಿದಾಗ ಬೆನ್ನ ಮೇಲೆ ಅಂಕುಡೊಂಕು ಕಪ್ಪು ಪಟ್ಟೆಯ, ಹೊಳೆಯುವ ಪುಟ್ಟ ದುಂಬಿಗಳು ಓಡಾಡುವುದನ್ನು ಕರ್ನಾಟಕದ ಯಾವ ಹೊಲದಲ್ಲಾದರೂ ನೋಡಬಹುದು. ಅವು ಹೇನು ತಿನ್ನಲು ಬಂದವು. ಗದ್ದೆಯಲ್ಲೂ ಇವುಗಳ ಬಳಗವಿದೆ. ಕುಟುಂಬದಲ್ಲಿ ಒಬ್ಬ ಸಸ್ಯಾಹಾರಿಯೂ ಇದ್ದಾನೆ: ಬದನೆ ಎಲೆಯನ್ನು ಬಲೆಯಂತೆ ಕೆರೆದು ತಿನ್ನುವ, ಇಪ್ಪತ್ತೆಂಟು ಚುಕ್ಕೆಯ ಮಂಕು ಮೈಬಣ್ಣದವನು. ಬದನೆ ಬೆಳೆಯುವವರ ಮುಂದೆ ಗುಲಗಂಜಿ ಹುಳವನ್ನು ಹೊಗಳುವ ಮೊದಲು ಯಾವುದನ್ನು ಹೊಗಳುತ್ತಿದ್ದೇವೆಂದು ಹೇಳಿಬಿಡುವುದು ಒಳ್ಳೆಯದು.

ಅಮೆರಿಕದ ಮನೆಗಳಿಗೆ ನುಗ್ಗುವುದು ಇವ್ಯಾವುವೂ ಅಲ್ಲ. ಅದರ ವೈಜ್ಞಾನಿಕ ಹೆಸರು ಹಾರ್ಮೋನಿಯಾ ಆಕ್ಸಿರಿಡಿಸ್. ಅಲ್ಲಿನವರು ಏಷ್ಯನ್ ಲೇಡಿ ಬೀಟಲ್ ಎನ್ನುತ್ತಾರೆ, ಬ್ರಿಟನ್ನಿನವರು ಹಾರ್ಲೆಕ್ವಿನ್ ಲೇಡಿಬರ್ಡ್ ಎನ್ನುತ್ತಾರೆ. ತವರು ಚೀನಾ, ಜಪಾನ್, ಕೊರಿಯಾ ಮತ್ತು ಸೈಬೀರಿಯಾದ ದಕ್ಷಿಣ ಭಾಗ. ಉದ್ದ 5ರಿಂದ 8 ಮಿಲಿಮೀಟರ್. ಬಣ್ಣವನ್ನು ನಂಬಿ ಗುರುತಿಸಲು ಹೋದರೆ ಮೋಸ ಹೋಗುತ್ತೀರಿ. ಸಾಸಿವೆ ಹಳದಿಯಿಂದ ಕಡುಗೆಂಪಿನವರೆಗೆ, ಕೆಲವೊಮ್ಮೆ ಕಪ್ಪು ಮೈ ಮೇಲೆ ಕೆಂಪು ಚುಕ್ಕೆ. ಚುಕ್ಕೆಗಳ ಸಂಖ್ಯೆ ಸೊನ್ನೆಯಿಂದ 19ರವರೆಗೆ ಏನೂ ಇರಬಹುದು. ನಂಬಬಹುದಾದ ಗುರುತೆಂದರೆ ತಲೆಯ ಹಿಂದಿನ ಬೆಳ್ಳನೆಯ ಫಲಕದ ಮೇಲೆ ಇಂಗ್ಲಿಷ್‌ನ 'ಎಂ' ಅಕ್ಷರದ ಹಾಗೆ ಕಾಣುವ ಕಪ್ಪು ಗುರುತು. ಎದುರಿನಿಂದ ನೋಡಿದರೆ ಅದೇ 'ಡಬ್ಲ್ಯು'.

ಅಮೆರಿಕದ ಸ್ಥಳೀಯ ಗುಲಗಂಜಿ ಹುಳಗಳು ಸಾಮಾನ್ಯವಾಗಿ ಮನೆಗೆ ಮುತ್ತಿಗೆ ಹಾಕುವುದಿಲ್ಲ. ಅವುಗಳಲ್ಲೂ ಗುಂಪುಗೂಡಿ ಚಳಿಗಾಲ ಕಳೆಯುವ ಜಾತಿಗಳಿವೆ, ಆದರೆ ಅವು ಮರದ ಬುಡ, ತರಗೆಲೆ, ಬೆಟ್ಟದ ಕಣಿವೆಗಳಲ್ಲಿ ತಮ್ಮ ಪಾಡಿಗೆ ಇರುತ್ತವೆ.

ಕರೆದವರೇ ಅವರು

ಇದು ಹಡಗಿನಲ್ಲಿ ಕದ್ದು ಕೂತು ಬಂದ ಹುಳವಲ್ಲ, ಅಥವಾ ಬರೀ ಹಾಗೆ ಬಂದದ್ದಲ್ಲ. ಅಮೆರಿಕದ ಕೃಷಿ ಇಲಾಖೆ ಇದನ್ನು ಸರ್ಕಾರಿ ಖರ್ಚಿನಲ್ಲಿ ಕರೆಸಿಕೊಂಡಿತು. ಅದಕ್ಕೆ ಹಿನ್ನೆಲೆಯಾಗಿ ಒಂದು ದೊಡ್ಡ ಗೆಲುವಿನ ಕಥೆಯಿದೆ.

1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಬಿಳಿ ಹತ್ತಿಯಂಥ ಮೇಣ ಹೊದ್ದ ಒಂದು ಶಲ್ಕ ಕೀಟದಿಂದ ಒಣಗತೊಡಗಿದ್ದವು. ಯಾವ ಔಷಧಕ್ಕೂ ಅದು ಬಗ್ಗಲಿಲ್ಲ. ಕೀಟ ಆಸ್ಟ್ರೇಲಿಯಾದಿಂದ ಬಂದಿರಬೇಕು, ಹಾಗಿದ್ದರೆ ಅದರ ಶತ್ರುವೂ ಅಲ್ಲೇ ಇರಬೇಕು ಎಂಬುದು ಕೀಟಶಾಸ್ತ್ರಜ್ಞ ಚಾರ್ಲ್ಸ್ ರೈಲಿಯ ತರ್ಕ. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬಾತನನ್ನು ಅಲ್ಲಿಗೆ ಕಳಿಸಿದರು. ಆತ ಹಡಗಿನಲ್ಲಿ ಕಳಿಸಿದ ವೆಡಾಲಿಯಾ ಎಂಬ ಪುಟ್ಟ ಕೆಂಪು ಗುಲಗಂಜಿ ಹುಳಗಳನ್ನು ಲಾಸ್ ಏಂಜಲೀಸ್‌ನಲ್ಲಿ ಗುಡಾರ ಹೊದಿಸಿದ ಒಂದು ಕಿತ್ತಳೆ ಮರದ ಮೇಲೆ ಬಿಟ್ಟರು. ಅವು ಆ ಮರವನ್ನು ತೊಳೆದಿಟ್ಟಷ್ಟು ಚೊಕ್ಕಟ ಮಾಡಿದವು. ಒಂದೆರಡು ವರ್ಷದಲ್ಲಿ ಇಡೀ ಕಿತ್ತಳೆ ಉದ್ಯಮ ಬದುಕಿಕೊಂಡಿತು. ಅದೇ ಶಲ್ಕ ಕೀಟ 1920ರ ದಶಕದ ಕೊನೆಗೆ ನೀಲಗಿರಿಯಲ್ಲಿ ಕಾಣಿಸಿಕೊಂಡಾಗ ಅಲ್ಲಿಗೂ ವೆಡಾಲಿಯಾವನ್ನೇ ತಂದರು.

ಈ ಗೆಲುವು ಸರ್ಕಾರಗಳಿಗೆ ಒಂದು ಹುರುಪು ಹತ್ತಿಸಿತು. ನಮ್ಮಲ್ಲಿ 1898ರಲ್ಲೇ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಕ್ರಿಪ್ಟೊಲೀಮಸ್ ಎಂಬ ಆಸ್ಟ್ರೇಲಿಯಾದ ಗುಲಗಂಜಿ ಹುಳವನ್ನು ತರಿಸಲಾಯಿತು. ಇಂದು ಅದು ದ್ರಾಕ್ಷಿ, ಸೀಬೆ, ಕಾಫಿಗೆ ಅಂಟುವ ಹಿಟ್ಟು ತಿಗಣೆಯ ಮೇಲೆ ನಮ್ಮ ರೈತರು ಬಿಡುವ ಹುಳ. ಅದನ್ನು ಸಾಕುವುದು ಸಿಹಿಗುಂಬಳಕಾಯಿಯ ಮೇಲೆ. ಕಾಯಿಗೆ ಮೊದಲು ತಿಗಣೆ ಹತ್ತಿಸಿ, ಆಮೇಲೆ ಹುಳ ಬಿಡುತ್ತಾರೆ. ತಮಾಷೆಯೆಂದರೆ ಅದರ ಮರಿಹುಳ ತಾನು ತಿನ್ನುವ ತಿಗಣೆಯಂತೆಯೇ ಬಿಳಿ ಮೇಣದ ವೇಷದಲ್ಲಿರುತ್ತದೆ. ಎಷ್ಟೋ ಸಲ ರೈತರು ಶತ್ರುವೆಂದು ಅದಕ್ಕೇ ಔಷಧ ಹೊಡೆದುಬಿಡುತ್ತಾರೆ.

ಹಾರ್ಮೋನಿಯಾವನ್ನು ಅಮೆರಿಕಕ್ಕೆ ಮೊದಲು ತಂದದ್ದು 1916ರಲ್ಲಿ, ಕ್ಯಾಲಿಫೋರ್ನಿಯಾಕ್ಕೆ. ಅದು ಬೇರೂರಲಿಲ್ಲ. 1960ರ ದಶಕದಲ್ಲಿ ಮತ್ತೆ ತಂದರು. 1970ರ ದಶಕದ ಕೊನೆಯಿಂದ 80ರ ದಶಕದ ಆರಂಭದವರೆಗೆ ಪೀಕನ್ ತೋಪುಗಳ, ಸೇಬಿನ ತೋಟಗಳ ಸಸ್ಯಹೇನು ತಿನ್ನಲೆಂದು ಹಲವು ರಾಜ್ಯಗಳಲ್ಲಿ ಬಿಟ್ಟರು. ಬಿಟ್ಟಲ್ಲೆಲ್ಲ ಮಾಯವಾದವು. ಯೋಜನೆ ವಿಫಲವಾಯಿತೆಂದು ಎಲ್ಲರೂ ಮರೆಯುತ್ತಿದ್ದ ಹೊತ್ತಿಗೆ, 1988ರಲ್ಲಿ, ಲೂಸಿಯಾನಾದ ನ್ಯೂ ಆರ್ಲಿಯನ್ಸ್ ಸಮೀಪ ಅವು ನೆಲೆಯೂರಿ ವಂಶ ಬೆಳೆಸುತ್ತಿರುವುದು ಗೊತ್ತಾಯಿತು. ಅವು ಬಿಟ್ಟ ಹುಳಗಳ ಸಂತತಿಯೋ, ಬಂದರಿಗೆ ಸರಕಿನ ಜೊತೆ ಬಂದವೋ ಎಂಬ ವಾದ ಇನ್ನೂ ಮುಗಿದಿಲ್ಲ. 1990ರ ದಶಕದ ನಡುವಿಗೆ ದೇಶದ ಬಹುಭಾಗ ಅವುಗಳದ್ದಾಗಿತ್ತು.

ಆಮೇಲೆ 2000ರಲ್ಲಿ ಏಷ್ಯಾದ್ದೇ ಇನ್ನೊಂದು ಜೀವಿ ಅಮೆರಿಕದ ಹೊಲಗಳಲ್ಲಿ ಕಾಣಿಸಿಕೊಂಡಿತು: ಸೋಯಾ ಸಸ್ಯಹೇನು. ಹಾರ್ಮೋನಿಯಾಕ್ಕೆ ತವರಿನ ಊಟವೇ ಬಾಗಿಲಿಗೆ ಬಂದಂತಾಯಿತು. ಒಂದು ಮರಿಹುಳ ಬೆಳೆದು ದೊಡ್ಡದಾಗುವಷ್ಟರಲ್ಲಿ 600ರಿಂದ 1200 ಹೇನು ತಿನ್ನಬಲ್ಲದು. ಸೋಯಾಕ್ಕೆ ಹೇನು ಹೆಚ್ಚಾದ ವರ್ಷ ಹುಳವೂ ಹೆಚ್ಚು. ಸೆಪ್ಟೆಂಬರ್ ಕೊನೆಗೆ ಎಲೆ ಹಣ್ಣಾಗಿ, ಕೊಯ್ಲಿನ ಯಂತ್ರ ಹೊಲಕ್ಕಿಳಿದಾಗ ಅಷ್ಟೂ ಹುಳ ಒಟ್ಟಿಗೆ ಗಾಳಿಗೇಳುತ್ತವೆ.

ಯುರೋಪಿನಲ್ಲೂ ಇದೇ ಆಯಿತು. ಹಸಿರುಮನೆಗಳಿಗೆಂದು 1990ರ ದಶಕದಲ್ಲಿ ಪೊಟ್ಟಣ ಕಟ್ಟಿ ಮಾರಿದರು. 2004ರಲ್ಲಿ ಅದು ಇಂಗ್ಲೆಂಡಿನ ಎಸೆಕ್ಸ್ ತಲುಪಿತು. ವಂಶವಾಹಿಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳಿಗೆ ಕಂಡದ್ದು ಇನ್ನೂ ವಿಚಿತ್ರ. ಯುರೋಪ್, ದಕ್ಷಿಣ ಅಮೆರಿಕ, ಆಫ್ರಿಕಾಗಳಿಗೆ ಹಬ್ಬಿದ ದಂಡಿನ ಮೂಲ ನೇರವಾಗಿ ಏಷ್ಯಾ ಅಲ್ಲ, ಪೂರ್ವ ಅಮೆರಿಕದಲ್ಲಿ ನೆಲೆನಿಂತ ಸಂತತಿ.

ಮನೆಯೇ ಏಕೆ ಬೇಕು?

ತವರಿನಲ್ಲಿ ಈ ಹುಳ ಚಳಿಗಾಲವನ್ನು ಬಂಡೆಯ ಸೀಳುಗಳಲ್ಲಿ ಕಳೆಯುತ್ತದೆ. ಶರತ್ಕಾಲದಲ್ಲಿ ಹೊಲ, ಕಾಡು ಬಿಟ್ಟು ದಿಗಂತದಲ್ಲಿ ಎದ್ದು ಕಾಣುವ, ಬಿಸಿಲು ಬೀಳುವ ಬಂಡೆ ಹುಡುಕಿಕೊಂಡು ಹಾರುತ್ತದೆ. ಅಲ್ಲಿ ಬಿರುಕಿನೊಳಗೆ ಒಂದರ ಮೈಗೆ ಒಂದು ಅಂಟಿಕೊಂಡು ವಸಂತದವರೆಗೆ ಜಡವಾಗಿ ಬಿದ್ದಿರುತ್ತದೆ. ನಮ್ಮ ಹಿಮಾಲಯದ ಎತ್ತರದಲ್ಲೂ ಏಳು ಚುಕ್ಕೆಯ ಗುಲಗಂಜಿ ಹುಳಗಳು ಹೀಗೆಯೇ ಕಲ್ಲುಗಳಡಿ ರಾಶಿ ಬಿದ್ದು ಚಳಿಗಾಲ ಕಳೆಯುತ್ತವೆ.

ಅಮೆರಿಕದ ನಡುಭಾಗದ ಚಪ್ಪಟೆ ಬಯಲಿನಲ್ಲಿ ಬಂಡೆ ಎಲ್ಲಿಂದ ಬರಬೇಕು? ನೋಡಿದಷ್ಟು ದೂರ ಮುಸುಕಿನ ಜೋಳ, ಸೋಯಾ. ಅದರ ನಡುವೆ ಎದ್ದು ನಿಂತಿರುವುದು ಎರಡಂತಸ್ತಿನ ಮನೆ. ಅದರ ಗೋಡೆ ತಿಳಿ ಬಣ್ಣದ್ದು, ಕಿಟಕಿಯ ಚೌಕಟ್ಟು ಗಾಢ. ತಿಳಿ ಮತ್ತು ಗಾಢ ಬಣ್ಣಗಳು ಎದುರುಬದುರಾಗಿ ಕಾಣುವ ಕಡೆಗೆ ಈ ಹುಳ ಸೆಳೆಯಲ್ಪಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬಂಡೆಯಲ್ಲಾದರೆ ಕಪ್ಪಗೆ ಕಂಡದ್ದು ಸೀಳು, ಅಲ್ಲಿ ಅಡಗಬಹುದು. ಹುಳದ ಕಣ್ಣಿಗೆ ನಿಮ್ಮ ಮನೆ ಒಂದು ಒಳ್ಳೆಯ ಬೆಟ್ಟದ ಮುಖ. ದಿಬ್ಬದ ಮೇಲಿನ ಮನೆ, ಮರದ ನೆರಳಿಲ್ಲದ ಮನೆ, ಹೊಲದಂಚಿನ ಮನೆಗೆ ಪಾಡು ಹೆಚ್ಚು. ಅದೇ ಬೀದಿಯಲ್ಲಿ ಒಂದು ಮನೆಗೆ ಸಾವಿರಾರು ಬಂದು ಪಕ್ಕದ ಮನೆಗೆ ಹತ್ತೂ ಬಾರದಿರುವುದಕ್ಕೆ ಮನೆಯವರ ಚೊಕ್ಕಟತನ ಕಾರಣವಲ್ಲ.

ದಿನವನ್ನೂ ಹೆಚ್ಚುಕಡಿಮೆ ಊಹಿಸಬಹುದು. ಮೊದಲು ಕೆಲವು ರಾತ್ರಿ ಸೊನ್ನೆ ಡಿಗ್ರಿಯ ಸಮೀಪದ ಚಳಿ ಬೀಳಬೇಕು. ಆಮೇಲೆ 18 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿನ ದಿನ ಬರಬೇಕು. ಆ ಮಧ್ಯಾಹ್ನವೇ ಹಾರಾಟ. ತೆಂಕಣ ಮತ್ತು ಪಡುವಣ ಗೋಡೆಗಳು ಆ ಹೊತ್ತಿಗೆ ಕಾದಿರುತ್ತವೆ, ಆದ್ದರಿಂದ ಮೊದಲ ದಾಳಿ ಅಲ್ಲೇ.

ಗೋಡೆಗೆ ಕೂತ ಮೇಲೆ ಕಣ್ಣಿನ ಕೆಲಸ ಮುಗಿದು ವಾಸನೆಯ ಕೆಲಸ ಶುರು. ಬೆಲ್ಜಿಯಂನ ಸಂಶೋಧಕರು ಈ ಹುಳಗಳು ತಂಗುವ ಜಾಗದಲ್ಲಿ ಮೇಣದಂಥ ಹೈಡ್ರೋಕಾರ್ಬನ್ ಲೇಪ ಬಿಡುವುದನ್ನು ಗುರುತಿಸಿದರು. ಒಂದು ಬಗೆಯ ಲೇಪ ದಾರಿ ತೋರುತ್ತದೆ, ಇನ್ನೊಂದು ಬಗೆ ಗುಂಪನ್ನು ಒಟ್ಟಿಗೆ ಹಿಡಿದಿಡುತ್ತದೆ. ಈ ಲೇಪ ಗಾಳಿಗೆ ಹಾರಿಹೋಗುವಂಥದ್ದಲ್ಲ. ಹುಳ ಸೇರಿದ್ದ ಮೂಲೆಯನ್ನು ಸೋಪುನೀರಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ ಎನ್ನುವುದಕ್ಕೆ ಕಾರಣ ಇದು, ಬರೀ ಅಂದಚೆಂದವಲ್ಲ.

ಒಳಗೆ ಬಂದ ಹುಳಕ್ಕೆ ಮನೆಯಿಂದ ಏನೂ ಬೇಡ. ಬಟ್ಟೆ ತಿನ್ನುವುದಿಲ್ಲ, ಮರ ಕೊರೆಯುವುದಿಲ್ಲ, ಅಕ್ಕಿಬೇಳೆ ಮುಟ್ಟುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಚಳಿಗಾಲ ದೂಡುವುದಷ್ಟೇ ಅದರ ಲೆಕ್ಕ. ಆ ಲೆಕ್ಕ ತಪ್ಪಿಸುವುದು ಮನೆಯ ಹೀಟರ್. ತಣ್ಣಗಿನ ಅಟ್ಟದಲ್ಲಿ ಬಿದ್ದ ಹುಳ ಬದುಕುತ್ತದೆ. ಬೆಚ್ಚಗಿನ ಹಾಲ್‌ಗೆ ಬಂದದ್ದು ವಸಂತ ಬಂತೆಂದು ಎಚ್ಚೆತ್ತು, ಹಾರಿ, ಕೊಬ್ಬು ಸುಟ್ಟುಕೊಂಡು, ಒಣ ಗಾಳಿಯಲ್ಲಿ ನೀರಿಲ್ಲದೆ ಕಿಟಕಿಯ ಬುಡದಲ್ಲಿ ಸಾಯುತ್ತದೆ. ಜನವರಿಯ ಒಂದು ಬಿಸಿಲಿನ ದಿನ ಇದ್ದಕ್ಕಿದ್ದಂತೆ ನೂರಾರು ಹುಳ ಕಾಣಿಸಿದರೆ ಅವು ಅಂದು ಹುಟ್ಟಿದವಲ್ಲ, ಅಕ್ಟೋಬರ್‌ನಿಂದಲೂ ಗೋಡೆಯೊಳಗಿದ್ದವು.

ನಮ್ಮೂರಿನ ಮನೆಗಳಿಗೆ ಗುಲಗಂಜಿ ಹುಳದ ದಂಡು ಬಾರದಿರುವುದಕ್ಕೆ ಕಾರಣವೂ ಇಲ್ಲೇ ಸಿಗುತ್ತದೆ. ಅಡಗಿ ಕೂರಬೇಕಾದಂಥ ಚಳಿಗಾಲ ಕರ್ನಾಟಕದಲ್ಲಿಲ್ಲ. ಆದರೆ ಬೇರೊಂದು ದುಂಬಿ ಕೇರಳದ ರಬ್ಬರ್ ಸೀಮೆಯಲ್ಲಿ ಇದೇ ಆಟ ಆಡುತ್ತದೆ. ಅಲ್ಲಿ ಮುಪ್ಲಿ ಎನ್ನುವ ಕಪ್ಪು ದುಂಬಿ ರಬ್ಬರ್ ಮರದಿಂದ ಉದುರಿದ ಎಲೆ ತಿಂದು ಬೆಳೆದು, ಬೇಸಿಗೆಯ ಮೊದಲ ಮಳೆ ಬಿದ್ದೊಡನೆ ಲಕ್ಷಗಟ್ಟಲೆ ಮನೆಗಳ ಮಾಡಿನೊಳಗೆ ಸೇರಿಕೊಂಡು ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ. ಅದು ತಪ್ಪಿಸಿಕೊಳ್ಳುವುದು ಹಿಮದಿಂದಲ್ಲ, ಮಳೆಗಾಲದಿಂದ.

ಕಲೆ, ನಾತ, ಸೀನು

ಹುಳವನ್ನು ಒತ್ತಿದರೆ, ಹೆದರಿಸಿದರೂ ಸಾಕು, ಕಾಲಿನ ಕೀಲುಗಳಿಂದ ಹಳದಿ ದ್ರವ ಒಸರುತ್ತದೆ. ಅದು ಅದರ ರಕ್ತವೇ. ತಿನ್ನಲು ಬಂದ ಹಕ್ಕಿಯ ಬಾಯಿ ಕಹಿ ಮಾಡಲೆಂದು ಇರುವ ಉಪಾಯ. ಪರದೆ, ಗೋಡೆಯ ಬಣ್ಣ, ಕಾರ್ಪೆಟ್ ಮೇಲೆ ಬಿದ್ದರೆ ಕಲೆ ಬಿಡಿಸುವುದು ಕಷ್ಟ. ಹಾಗಾಗಿ ಪೊರಕೆಯಿಂದ ಗುಡಿಸುವುದೂ, ಪೇಪರಿನಿಂದ ಹೊಡೆಯುವುದೂ ಬೇಡ. ಆಗಾಗ ಚರ್ಮವನ್ನು ಚುಚ್ಚಿ ನೋಡುವ ಚಾಳಿಯೂ ಇದಕ್ಕಿದೆ. ನೋವು ಗುಂಡುಸೂಜಿ ತಾಕಿದಷ್ಟು, ವಿಷವಿಲ್ಲ, ರೋಗ ಹರಡುವುದಿಲ್ಲ.

ಲಘುವಾಗಿ ತೆಗೆದುಕೊಳ್ಳಬಾರದ್ದು ಅಲರ್ಜಿ. ಮನೆಯಲ್ಲಿ ಹುಳ ವಿಪರೀತವಾದಾಗ ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಕೆಲವರಲ್ಲಿ ಉಬ್ಬಸ ಬರುವುದನ್ನು ಅಮೆರಿಕದ ವೈದ್ಯರು ದಾಖಲಿಸಿದ್ದಾರೆ. ಜಿರಲೆಗೆ ಅಲರ್ಜಿ ಇರುವವರಿಗೆ ಇದಕ್ಕೂ ಆಗುವ ಸಂಭವ ಹೆಚ್ಚು. ಪ್ರತಿ ಚಳಿಗಾಲ ಮಗುವಿಗೆ ಕಾರಣ ತಿಳಿಯದೆ ಶೀತ ಕಾಡುತ್ತಿದ್ದು ಗೋಡೆಯಲ್ಲಿ ಹುಳವಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳುವುದು ಒಳ್ಳೆಯದು.

ಇದರ ನಾತದ ದುಬಾರಿ ಪಾಠ ಕಲಿತದ್ದು ಕೆನಡಾದ ವೈನ್ ತಯಾರಕರು. 2001ರಲ್ಲಿ ಒಂಟಾರಿಯೊದ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಈ ಹುಳಗಳು ಗೊಂಚಲುಗಳೊಳಗೆ ಸೇರಿಕೊಂಡಿದ್ದವು. ಹಣ್ಣಿನೊಡನೆ ಅವೂ ಅರೆದುಹೋದವು. ವೈನಿಗೆ ಮೆಥಾಕ್ಸಿಪೈರಜೀನ್ ಎಂಬ ರಾಸಾಯನಿಕದ ಕಡಲೆಕಾಯಿ, ಹಸಿಮೆಣಸಿನ ವಾಸನೆ ಹತ್ತಿತು. ಹತ್ತು ಲಕ್ಷ ಲೀಟರಿಗೂ ಹೆಚ್ಚು ವೈನ್ ಚೆಲ್ಲಬೇಕಾಯಿತು.

ಇನ್ನೊಂದು ನಷ್ಟ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಹಾರ್ಮೋನಿಯಾ ಬೇರೆ ಗುಲಗಂಜಿ ಹುಳಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಆದರೆ ಅದರ ಮೊಟ್ಟೆ ತಿಂದ ಹುಳಗಳು ಸಾಯುತ್ತವೆ. ಅದರ ರಕ್ತದಲ್ಲಿ ಅದಕ್ಕೆ ತೊಂದರೆ ಕೊಡದ, ಬೇರೆಯವಕ್ಕೆ ಮಾರಕವಾದ ಸೂಕ್ಷ್ಮ ಪರಾವಲಂಬಿಗಳಿರುವುದನ್ನು ಜರ್ಮನಿಯ ವಿಜ್ಞಾನಿಗಳು 2013ರಲ್ಲಿ ಕಂಡರು. ಬ್ರಿಟನ್ನಿನಲ್ಲಿ ಎರಡು ಚುಕ್ಕೆಯ ಗುಲಗಂಜಿ ಹುಳ ಇದು ಬಂದ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಕುಸಿಯಿತು. ನ್ಯೂಯಾರ್ಕ್ ರಾಜ್ಯದ ಅಧಿಕೃತ ಕೀಟವೆಂಬ ಪಟ್ಟ ಹೊತ್ತ ಒಂಬತ್ತು ಚುಕ್ಕೆಯ ಹುಳವಂತೂ ಆ ರಾಜ್ಯದಲ್ಲೇ ಹುಡುಕಿದರೂ ಸಿಗದಂತಾಗಿತ್ತು. ಅದಕ್ಕೆ ಮುಖ್ಯ ಪೈಪೋಟಿ ಯುರೋಪಿನಿಂದ ಬಂದ ಏಳು ಚುಕ್ಕೆಯದು, ಆದ್ದರಿಂದ ಎಲ್ಲ ತಪ್ಪನ್ನೂ ಹಾರ್ಮೋನಿಯಾದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ 'ಲಾಸ್ಟ್ ಲೇಡಿಬಗ್' ಯೋಜನೆಗೆ ಜನ ಕಳಿಸಿದ ಫೋಟೊಗಳ ನೆರವಿನಿಂದ 2011ರಲ್ಲಿ ಲಾಂಗ್ ಐಲ್ಯಾಂಡಿನ ಒಂದು ಹೊಲದಲ್ಲಿ ಅದು ಮತ್ತೆ ಕಾಣಿಸಿತು.

ಆಗಸ್ಟ್‌ನ ಕೆಲಸ

ತಡೆಯುವ ದಾರಿ ಒಂದೇ: ಸಂದು ಮುಚ್ಚುವುದು. ಕೇಳಲು ಸಪ್ಪೆ, ಮಾಡಲು ಬೇಸರ, ಆದರೆ ಒಹಾಯೊ, ಕೆಂಟಕಿ, ಮಿನೆಸೋಟಾ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗಗಳೆಲ್ಲ ಮೊದಲು ಹೇಳುವುದು ಇದನ್ನೇ. ಸುಮಾರು 3 ಮಿಲಿಮೀಟರ್ ಬಿರುಕು ಸಿಕ್ಕರೆ ಹುಳ ಒಳಗೆ. ಅಕ್ಟೋಬರ್ ಬಂದ ಮೇಲೆ ಮುಚ್ಚಿದರೆ ಒಳಗೆ ಸೇರಿದವನ್ನು ಒಳಗೇ ಕೂಡಿಹಾಕಿದಂತೆ. ಆಗಸ್ಟ್, ಹೆಚ್ಚೆಂದರೆ ಸೆಪ್ಟೆಂಬರ್ ಮೊದಲ ವಾರಗಳೊಳಗೆ ಕೆಲಸ ಮುಗಿಯಬೇಕು.

ತೆಂಕಣ, ಪಡುವಣ ಗೋಡೆಯಿಂದ ಶುರು ಮಾಡಿ. ಕಿಟಕಿ, ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಗೆರೆ, ಗೋಡೆಯ ಹೊದಿಕೆ ಮುಗಿಯುವ ಮೂಲೆ, ಕೇಬಲ್ ಮತ್ತು ನಲ್ಲಿಯ ಪೈಪು ಒಳಗೆ ಹೋಗುವ ತೂತು, ಏಸಿಯ ಪೈಪಿನ ಸುತ್ತ, ಹೊರಗಿನ ದೀಪದ ಬುಡ — ಇವಕ್ಕೆ ಸಿಲಿಕೋನ್ ಸೀಲಂಟ್ ತುಂಬಿದರೆ ಸಾಕು. ದೊಡ್ಡ ತೂತಾದರೆ ತಾಮ್ರದ ಜಾಲರಿ ಮುದ್ದೆ ಮಾಡಿ ತುರುಕಿ ಮೇಲೆ ಫೋಮ್ ಹೊಡೆಯಬೇಕು.

ಜನ ಮರೆಯುವ ಜಾಗ ಮೇಲೆ ಇದೆ. ಮಾಡಿನ ಚಾಚಿನ ಕೆಳಗೆ, ಅಟ್ಟಕ್ಕೆ ಗಾಳಿ ಬಿಡುವ ಕಿಂಡಿಗಳಲ್ಲಿ ಹಳೆಯ ಜಾಲರಿ ಹರಿದಿರುತ್ತದೆ, ಇಲ್ಲವೆ ಅದರ ಕಣ್ಣು ತೀರಾ ದೊಡ್ಡದಿರುತ್ತದೆ. ಅಲ್ಲಿಗೆ ಇಂಚಿಗೆ 20 ಕಣ್ಣಿನ ಜಾಲರಿ ಬೇಕು. ಕಿಂಡಿಯನ್ನೇ ಮುಚ್ಚಿಬಿಡುವುದು ಮಾತ್ರ ಬೇಡ, ಅಟ್ಟಕ್ಕೆ ಗಾಳಿ ಬೇಕು. ಹಾಗೆಯೇ ಇಟ್ಟಿಗೆ ಗೋಡೆಯ ಬುಡದಲ್ಲಿ ನೀರು ಬಸಿಯಲೆಂದು ಬಿಟ್ಟ ಸಂದುಗಳಿಗೆ ಸಿಲಿಕೋನ್ ತುಂಬಿದರೆ ಹುಳದ ಬದಲು ಗೋಡೆಯೇ ಕೆಡುತ್ತದೆ. ಅಲ್ಲೂ ಜಾಲರಿಯೇ ಸರಿ.

ಬಾಗಿಲ ಕೆಳಗಿನ ಸಂದು ನೋಡಲು ಸುಲಭದ ಉಪಾಯವಿದೆ. ಹಗಲಲ್ಲಿ ಒಳಗಿನ ದೀಪ ಆರಿಸಿ ನೆಲಕ್ಕೆ ಬಗ್ಗಿ ನೋಡಿ. ಬೆಳಕು ಕಂಡಲ್ಲಿ ಹುಳಕ್ಕೂ ದಾರಿಯಿದೆ. ರಬ್ಬರ್ ಪಟ್ಟಿ ಹಾಕಿಸಿ. ಗ್ಯಾರೇಜಿನ ಬಾಗಿಲನ್ನು ಮರೆಯಬೇಡಿ.

ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಹೊರಗೋಡೆಯ ಮೇಲೆ ಕೈಯಾಡಿಸುವ ಅಧಿಕಾರವಿರುವುದಿಲ್ಲ. ಅಂಥವರು ಬೇಸಿಗೆಯಲ್ಲೇ ಮಾಲೀಕರಿಗೆ ಬರೆದು ತಿಳಿಸಿ, ತಮ್ಮ ಕೈಲಿರುವ ಒಳಗಿನ ಬಿರುಕುಗಳನ್ನು ಮುಚ್ಚಿಕೊಳ್ಳುವುದೇ ಉಳಿಯುವ ದಾರಿ. ಈ ಖರ್ಚಿಗೆ ಇನ್ನೊಂದು ಲಾಭವೂ ಇದೆ. ಅದೇ ಸಂದುಗಳಿಂದ ಬರುವ ನಾತದ ತಿಗಣೆಗಳು, ನೊಣಗಳು ಹೊರಗುಳಿಯುತ್ತವೆ, ಹೀಟರ್‌ನ ಬಿಲ್ಲೂ ಇಳಿಯುತ್ತದೆ.

ಪ್ರತಿ ವರ್ಷ ಸಾವಿರಾರು ಹುಳ ಬರುವ ಮನೆಗೆ ಹೊರಗೋಡೆಯ ಮೇಲೆ ಪೈರೆಥ್ರಾಯ್ಡ್ ಕೀಟನಾಶಕ ಹೊಡೆಸುವುದುಂಟು. ಹುಳ ಬರುವ ಮುಂಚೆ, ಸೆಪ್ಟೆಂಬರ್ ಕೊನೆಗೆ ಹೊಡೆದರಷ್ಟೇ ಪ್ರಯೋಜನ, ಬಿಸಿಲು ಮಳೆಗೆ ಅದರ ಕಸುವು ಇಳಿಯುತ್ತದೆ. ಜೇನಿಗೂ ಮೀನಿಗೂ ಇವು ವಿಷ, ಪರ್ಮೆಥ್ರಿನ್ ಆದರೆ ಬೆಕ್ಕಿಗೂ ಅಪಾಯ. ಪರವಾನಗಿ ಇರುವವರಿಂದಲೇ ಮಾಡಿಸಬೇಕು. ನನ್ನ ಮಟ್ಟಿಗೆ ಇದು ಸೀಲಂಟಿನ ಕೆಲಸ ಮುಗಿದ ಮೇಲೂ ಸಾಲದಾದಾಗ ಯೋಚಿಸಬೇಕಾದ ದಾರಿ.

ಒಳಗೆ ಬಂದದ್ದಕ್ಕೆ

ಬಂದಾಗಿದೆ, ಈಗೇನು? ವ್ಯಾಕ್ಯೂಮ್ ಕ್ಲೀನರ್. ಹಾಗೇ ಎಳೆದುಕೊಂಡರೆ ಯಂತ್ರದೊಳಗೆ ಹುಳ ರಸ ಕಾರಿ, ಮುಂದಿನ ಸಲ ಚಾಲೂ ಮಾಡಿದಾಗ ಮನೆಯೆಲ್ಲ ನಾತ. ಅದಕ್ಕೆ ಹೆಂಗಸರು ಹಾಕುವ ತೆಳು ನೈಲಾನ್ ಕಾಲುಚೀಲವನ್ನು ಕೊಳವೆಯ ಬಾಯೊಳಗೆ ಇಳಿಬಿಟ್ಟು, ಅಂಚನ್ನು ಹೊರಕ್ಕೆ ಮಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಹುಳಗಳೆಲ್ಲ ಚೀಲದಲ್ಲಿ ನಿಲ್ಲುತ್ತವೆ. ಯಂತ್ರ ನಿಲ್ಲಿಸುವ ಮುನ್ನ ಚೀಲ ಎಳೆದು ಬಾಯಿ ಕಟ್ಟಿ ಹೊರಗೆ ಒಯ್ದು ಬಿಡಬಹುದು, ಅಥವಾ ಸೋಪುನೀರಿನ ಬಕೆಟ್ಟಿಗೆ ಹಾಕಬಹುದು. ಕಿಟಕಿಯ ಮೇಲೆ ನಾಲ್ಕಾರು ಮಾತ್ರ ಇದ್ದರೆ, ಸೋಪುನೀರಿನ ಲೋಟ ಕೆಳಗೆ ಹಿಡಿದು ಒಂದು ಕಾಗದದಿಂದ ಮೆಲ್ಲಗೆ ತಳ್ಳಿದರೆ ತಾವೇ ಬೀಳುತ್ತವೆ.

ಗೋಡೆಯೊಳಗಿನ ಟೊಳ್ಳಿಗೆ ಕೀಟನಾಶಕದ ಪುಡಿ ಊದುವುದು ಕೇಳಲು ಜಾಣತನ, ಮಾಡಲು ದಡ್ಡತನ. ಒಳಗೆ ಸತ್ತ ಸಾವಿರಾರು ಹುಳಗಳನ್ನು ತಿನ್ನಲು ಕಾರ್ಪೆಟ್ ದುಂಬಿಗಳು ಬರುತ್ತವೆ. ಅಲ್ಲಿನ ಊಟ ಮುಗಿದ ಮೇಲೆ ಅವು ತಿರುಗುವುದು ನಿಮ್ಮ ಉಣ್ಣೆ ಬಟ್ಟೆಯ ಕಡೆಗೆ, ರೇಷ್ಮೆ ಸೀರೆಯ ಕಡೆಗೆ. ಕೋಣೆಗೆ ಹೊಗೆ ಬಿಡುವ ಡಬ್ಬಿಗಳೂ ವ್ಯರ್ಥ. ಹೊಗೆ ಹುಳ ಅಡಗಿರುವ ಬಿರುಕಿಗೆ ಇಳಿಯದೆ ಮನೆಯವರ ಮೂಗಿಗೆ ಮಾತ್ರ ಇಳಿಯುತ್ತದೆ.

ದಾಲ್ಚಿನ್ನಿ ಪುಡಿ, ಪಲಾವ್ ಎಲೆ, ನಿಂಬೆಸಿಪ್ಪೆ ಇಟ್ಟರೆ ಬಾರವು ಎಂಬ ಸಲಹೆಗಳಿಗೆ ಬರವಿಲ್ಲ. ಪ್ರಯೋಗಾಲಯದಲ್ಲಿ ಹುಳ ಹಿಂಜರಿದದ್ದು ನಮ್ಮ ದೇವರ ಮನೆಯ ವಸ್ತುವಿಗೆ. 2000ದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕರ್ಪೂರ ಮತ್ತು ಮೆಂಥಾಲ್ ಎರಡನ್ನೂ ಪರೀಕ್ಷಿಸಿ ಅವುಗಳ ವಾಸನೆಗೆ ಈ ಹುಳ ಹಿಂದೆ ಸರಿಯುವುದನ್ನು ತೋರಿಸಿದರು. ಆದರೆ ಕರ್ಪೂರ ಗಾಳಿಗಿಟ್ಟರೆ ಕರಗಿಹೋಗುವ ವಸ್ತು. ಇಡೀ ಗೋಡೆಯನ್ನು ವಾರಗಟ್ಟಲೆ ಅದರ ವಾಸನೆಯಲ್ಲಿಡಲು ಸಾಧ್ಯವಿಲ್ಲ. ಹುಳ ನುಗ್ಗುವ ಒಂದೆರಡು ಕಿಟಕಿಯ ಮೂಲೆಗೆ ಇಟ್ಟು ನೋಡಬಹುದು. ಚಿಕ್ಕ ಮಕ್ಕಳಿರುವ ಮನೆಯಾದರೆ ಅದೂ ಬೇಡ, ಕರ್ಪೂರ ಬಾಯಿಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುವಷ್ಟು ವಿಷ.

ಮಾರ್ಚ್‌ನಲ್ಲಿ

ಚಳಿ ಇಳಿದು ಗೋಡೆ ಬಿಸಿಯೇರಿದಾಗ ಒಳಗೆ ಬದುಕುಳಿದ ಹುಳಗಳು ಏಳುತ್ತವೆ. ಈಗ ಅವಕ್ಕೆ ಬೇಕಿರುವುದು ಹೊಲ. ಆದರೆ ಗೋಡೆಯೊಳಗಿನ ಕತ್ತಲಲ್ಲಿ ಹೊರಗಿನ ಬೆಳಕು ಯಾವುದು, ಹಾಲ್‌ನ ಬೆಳಕು ಯಾವುದು ಎಂದು ತಿಳಿಯದೆ ಅರ್ಧದಷ್ಟು ಒಳಕ್ಕೆ ಬಂದುಬಿಡುತ್ತವೆ. ಸ್ವಿಚ್ ಬೋರ್ಡಿನ ಸಂದು, ಫ್ಯಾನಿನ ಬುಡ, ಗೋಡೆ ನೆಲಕ್ಕೆ ಸೇರುವ ಪಟ್ಟಿ, ಅಟ್ಟದ ಮುಚ್ಚಳ ಇವೇ ಅವುಗಳ ಬಾಗಿಲು. ಈ ಒಳಗಿನ ಸಂದುಗಳನ್ನು ಚಳಿಗಾಲದಲ್ಲೇ ಮುಚ್ಚಿಟ್ಟರೆ ಉಳಿದವು ಹೊರದಾರಿ ಹುಡುಕಿಕೊಳ್ಳುತ್ತವೆ. ಒಳಗೆ ಬಂದವು ಬೆಳಕಿಗೆ ಹಾರುವುದರಿಂದ ಮಧ್ಯಾಹ್ನ ಬಿಸಿಲು ಬೀಳುವ ಕಿಟಕಿಯ ಮೇಲಿನ ಭಾಗ ಸ್ವಲ್ಪ ಹೊತ್ತು ತೆರೆದಿಟ್ಟರೆ ಹೆಚ್ಚಿನವು ತಾವೇ ಹೊರಟುಹೋಗುತ್ತವೆ.

ಹೋಗುವಾಗ ಅವು ಎಲ್ಲಿಂದ ಹೊರಬಂದವೆಂದು ನೋಡಿಟ್ಟುಕೊಳ್ಳುವುದು ಲಾಭ. ಹೊರಗೋಡೆಯಲ್ಲಿ ಹುಳ ಹೊರಬೀಳುವ ಬಿರುಕಿನ ಪಕ್ಕ ಒಂದು ತುಂಡು ಬಣ್ಣದ ಟೇಪ್ ಅಂಟಿಸಿಡಿ. ಆಗಸ್ಟ್‌ನಲ್ಲಿ ಸಿಲಿಕೋನ್ ಗನ್ ಹಿಡಿದು ಏಣಿ ಹತ್ತುವಾಗ ಮೊದಲು ಎಲ್ಲಿಗೆ ಹೋಗಬೇಕೆಂದು ಹುಡುಕಬೇಕಾಗುವುದಿಲ್ಲ.